ಪದಚರ್ಚೆ: ವಿಯೆಟ್ನಾಮಿನ ‘ಬುನ್’, ‘ಫೋ’ ಎರಡಕ್ಕೂ ‘ಅಕ್ಕಿ ನೂಡಲ್ಸ್’ ಸಾಕೇ?

ಪ್ರಶ್ನೆ

ಮಾನ್ಯರೇ, ವಿಯೆಟ್ನಾಮಿನ ಅಡುಗೆಯ ಬರಹವೊಂದನ್ನು ಕನ್ನಡಕ್ಕೆ ತರುವಾಗ ಬುನ್, ಬಾಞ್ ಫೋ (‘ಫೋ’ ಎಂಬ ಸಾರಿನ ತಿನಿಸಿಗೆ ಹಾಕುವ ಎಳೆ), ಹು ತಿಯೂ, ಮಿ ಕ್ವಾಂಗ್ ಎಂಬ ಹೆಸರುಗಳು ಒಂದೇ ಪುಟದಲ್ಲಿ ಬಂದಿವೆ. ನಾಲ್ಕೂ ಅಕ್ಕಿಯವೇ. ಎಲ್ಲಕ್ಕೂ ‘ಅಕ್ಕಿ ನೂಡಲ್ಸ್’ ಎಂದು ಬರೆದರೆ ‘ಇದಕ್ಕೆ ಅಕ್ಕಿ ನೂಡಲ್ಸ್ ಬೇಕು, ಅಕ್ಕಿ ನೂಡಲ್ಸ್ ಬೇಡ’ ಎಂಬಂಥ ವಾಕ್ಯ ಆಗುತ್ತದೆ. ‘ಶಾವಿಗೆ’ ಬಳಸಬಹುದೇ? ಬಳಸಿದರೆ ಯಾವುದಕ್ಕೆ? ‘ಬಾಞ್’ಗೆ ಇಂಗ್ಲಿಷ್ ನಿಘಂಟುಗಳು ‘ಕೇಕ್’ ಎನ್ನುತ್ತವೆ, ಅದು ಇಲ್ಲಿ ಹೊಂದುತ್ತದೆಯೇ? ‘ಫೋ’ ಎಂದು ಬರೆಯುವುದು ಸರಿಯೇ?

ಉತ್ತರ

‘ಶಾವಿಗೆ’ ಧಾರಾಳವಾಗಿ ಬಳಸಬಹುದು, ಆದರೆ ಬುನ್‌ಗೆ. ಫೋಗೆ ಅದೊಂದೇ ಸಾಲದು. ವಿಯೆಟ್ನಾಮೀಯರು ಈ ಎರಡನ್ನು ಬೇರೆ ಬೇರೆ ಹೆಸರಿನಿಂದ ಕರೆಯುವುದು ಒಂದು ದುಂಡಗೆ, ಇನ್ನೊಂದು ಚಪ್ಪಟೆ ಎಂಬ ಕಾರಣಕ್ಕಷ್ಟೇ ಅಲ್ಲ. ಒಂದನ್ನು ಒತ್ತುತ್ತಾರೆ, ಇನ್ನೊಂದನ್ನು ಕೊಯ್ಯುತ್ತಾರೆ.

ಬುನ್ ಒತ್ತಿದ್ದು. ಅಕ್ಕಿ ನೆನೆಸಿ, ನೀರು ಬಿಟ್ಟು ರುಬ್ಬಿ, ಎರಡು ಮೂರು ದಿನ ಹುಳಿಯಲು ಬಿಡುತ್ತಾರೆ. ಆಮೇಲೆ ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಹೇರಿ ನೀರು ಬಸಿಯುತ್ತಾರೆ. ಉಳಿದ ಮುದ್ದೆಯನ್ನು ಅರೆಬರೆ ಬೇಯಿಸಿ, ಚೆನ್ನಾಗಿ ನಾದಿ, ತೂತಿನ ಅಚ್ಚಿನಿಂದ ನೇರವಾಗಿ ಕುದಿಯುವ ನೀರಿಗೆ ಒತ್ತುತ್ತಾರೆ. ಎಳೆ ತೇಲಿದ ಕೂಡಲೆ ಎತ್ತಿ ತಣ್ಣೀರಿಗೆ ಹಾಕಬೇಕು, ತಡವಾದರೆ ಮೇಲಿನ ಗಂಜಿಯಿಂದ ಎಲ್ಲ ಎಳೆಗಳೂ ಅಂಟಿಕೊಳ್ಳುತ್ತವೆ. ಹನೋಯಿಯ ಫೂ ದೊ ಗ್ರಾಮ ಈ ಕಸುಬಿಗೆ ಹೆಸರಾದದ್ದು.

ಮಲೆನಾಡಿನ ಒತ್ತು ಶಾವಿಗೆಯಲ್ಲಿ ಮುದ್ದೆಯನ್ನು ಮೊದಲೇ ಪೂರ್ತಿ ಬೇಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ಹಾಕಿ ಒತ್ತುತ್ತಾರೆ. ಹಾಗಾಗಿ ಬುನ್ ಒದ್ದೆಯಾಗಿ, ಜಾರುವಂತೆ, ತುಸು ಹುಳಿಯಾಗಿರುತ್ತದೆ. ನಮ್ಮದು ಒಣಗಿದಂತೆ ಬಿಡಿಬಿಡಿ. ಇಷ್ಟು ವ್ಯತ್ಯಾಸವಿದ್ದರೂ ಕ್ರಿಯೆ ಒಂದೇ, ಒತ್ತುವುದು. ‘ಅಕ್ಕಿಯ ಒತ್ತು ಶಾವಿಗೆ’ ಎಂದರೆ ಓದುಗರ ಕಣ್ಣಿಗೆ ಸರಿಯಾದ ಎಳೆಯೇ ಕಟ್ಟುತ್ತದೆ. ‘ಅಕ್ಕಿಯ’ ಎಂಬ ಮಾತನ್ನು ಮಾತ್ರ ಬಿಡಬೇಡಿ. ಬರಿಯ ‘ಶಾವಿಗೆ’ ಎಂದರೆ ಉತ್ತರ ಕರ್ನಾಟಕದವರಿಗೆ ಗೋಧಿಯ ಶ್ಯಾವಿಗಿ, ಪೇಟೆಯವರಿಗೆ ಪಾಯಸಕ್ಕೆ ಹಾಕುವ ಪೊಟ್ಟಣದ ಶಾವಿಗೆ. ಅದನ್ನು ಬುನ್ ಬದಲು ಸಾರಿಗೆ ಹಾಕಿದರೆ ಹಿಟ್ಟು ಬಿಟ್ಟು ಸಾರು ಗಂಜಿಯಾಗುತ್ತದೆ.

ಒತ್ತು ಶಾವಿಗೆಗೆ ಇನ್ನೂ ಹತ್ತಿರದ್ದು ಬಾಞ್ ಹೋಯ್. ಕೂದಲಿನಷ್ಟು ಸಣ್ಣ ಎಳೆಗಳನ್ನು ಒತ್ತಿ, ಚಿಕ್ಕ ಚಿಕ್ಕ ಹೆಣಿಗೆಯಂತೆ ಮಾಡಿ ಆವಿಯಲ್ಲಿ ಬೇಯಿಸಿ, ಮೇಲೆ ಈರುಳ್ಳಿ ಸೊಪ್ಪಿನ ಎಣ್ಣೆ ಸವರುತ್ತಾರೆ. ಮಧ್ಯ ಕರಾವಳಿಯ ಬಿನ್ ದಿನ್ ಕಡೆ ಇದು ಬೆಳಗಿನ ತಿಂಡಿ. ಕೊಡಗಿನವರು ನೋಡಿದರೆ ನೂಪುಟ್ಟು ಎಂದೇ ಹೇಳಿಯಾರು.

ಬಾಞ್ ಫೋ ಕೊಯ್ದದ್ದು. ಕುದಿಯುವ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ನೀರ್ ದೋಸೆ ಹಿಟ್ಟಿನಂಥ ತೆಳು ಹಿಟ್ಟನ್ನು ಬಳಿದು, ಮುಚ್ಚಿ ಆವಿಯಲ್ಲಿ ಬೇಯಿಸುತ್ತಾರೆ. ಹಾಳೆ ಎದ್ದ ಮೇಲೆ ಆರಿಸಿ, ಮಡಿಸಿ, ಪಟ್ಟಿಯಾಗಿ ಕೊಯ್ಯುತ್ತಾರೆ. ಅಂಥದೇ ಹಾಳೆಯನ್ನು ಇನ್ನೂ ತೆಳ್ಳಗೆ ಹೊಯ್ದು, ಕೊಯ್ಯದೆ ಹೂರಣ ಇಟ್ಟು ಸುತ್ತಿದರೆ ಬಾಞ್ ಕುವೊನ್. ‘ಒತ್ತು ಶಾವಿಗೆ’ಯ ಜಾಡಿನಲ್ಲಿ ‘ಕೊಯ್ ಶಾವಿಗೆ’ ಎಂದು ಕಟ್ಟಿದರೆ ವ್ಯಾಕರಣ ಒಪ್ಪುತ್ತದೆ, ಆದರೆ ಕಿವಿಗೆ ತೀರ ಹೊಸದು. ‘ಪಟ್ಟಿ ಶಾವಿಗೆ’ ನನಗೆ ಹೆಚ್ಚು ಹಿಡಿಸುತ್ತದೆ. ಆಗ ನಿಮ್ಮ ವಾಕ್ಯ ಹೀಗಾಗುತ್ತದೆ: ‘ಇದಕ್ಕೆ ಅಕ್ಕಿಯ ಒತ್ತು ಶಾವಿಗೆ ಬಳಸಿ, ಪಟ್ಟಿ ಶಾವಿಗೆ ಬೇಡ.’

ನಾಮಪದಕ್ಕಿಂತ ಕ್ರಿಯಾಪದದಲ್ಲಿ ತಪ್ಪುವುದು ಹೆಚ್ಚು. ಮೂಲದಲ್ಲಿ ಉತ್ತರದವರು ‘ಚನ್’ ಎಂದೋ ದಕ್ಷಿಣದವರು ‘ತ್ರುಂಗ್’ ಎಂದೋ ಬರೆದಿದ್ದರೆ ಅದನ್ನು ‘ಬೇಯಿಸಿ’ ಎನ್ನಬಾರದು. ‘ಕುದಿನೀರಿಗೆ ಅದ್ದಿ ತೆಗೆಯಿರಿ’ ಎನ್ನಬೇಕು. ಒಣಗಿದ ಬಾಞ್ ಫೋವನ್ನು, ಒಬ್ಬರಿಗೆ 80ರಿಂದ 100 ಗ್ರಾಂ ಲೆಕ್ಕದಲ್ಲಿ, ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ಬಡಿಸುವ ಹೊತ್ತಿಗೆ 15–20 ಸೆಕೆಂಡು ಕುದಿನೀರಿಗೆ ಅದ್ದಿದರೆ ಸಾಕು. ಮುಂದಿನ ಬೇಯುವಿಕೆ ಬಟ್ಟಲಿಗೆ ಹೊಯ್ಯುವ ಕುದಿಸಾರಿನಲ್ಲೇ ಆಗುತ್ತದೆ. ಐದು ನಿಮಿಷ ಬೇಯಿಸಿದರೆ ಮೊದಲ ತುತ್ತಿಗೇ ಪಟ್ಟಿ ತುಂಡಾಗುತ್ತದೆ. ಅಕ್ಕಿಯಲ್ಲಿ ಗೋಧಿಯಂತೆ ಹಿಡಿದಿಡುವ ಅಂಟಿಲ್ಲ. ಒಣ ಬುನ್‌ಗೆ ಮಾತ್ರ ‘ಬೇಯಿಸಿ’ ಸರಿ: ಸಣ್ಣ ಎಳೆಗೆ 5ರಿಂದ 8 ನಿಮಿಷ, ಬುನ್ ಬೊ ಹ್ವೆ ಎಂಬ, ಹ್ವೆ ಊರಿನ ದನದ ಮಾಂಸದ ಸಾರಿಗೆ ಹಾಕುವ ದಪ್ಪ ಎಳೆಗೆ ಅದರ ಹೆಚ್ಚುಕಡಿಮೆ ಎರಡರಷ್ಟು, ಕೊನೆಗೆ ತಣ್ಣೀರಿನಲ್ಲಿ ತೊಳೆದು ಬಸಿಯುವುದು ಕಡ್ಡಾಯ.

ಉಳಿದ ಹೆಸರುಗಳಲ್ಲಿ ‘ಮಿ ಕ್ವಾಂಗ್’ ದಾರಿ ತಪ್ಪಿಸುತ್ತದೆ. ‘ಮಿ’ ಎಂದರೆ ಸಾಮಾನ್ಯವಾಗಿ ಗೋಧಿಯದು. ಆದರೆ ಕ್ವಾಂಗ್ ನಾಮ್ ಸೀಮೆಯ ಈ ಮಿ ಅಕ್ಕಿಯದೇ, ಹಳದಿ ಬಣ್ಣ ಬರುವುದು ಅರಿಶಿನದಿಂದ. ಅದಕ್ಕೆ ಬಟ್ಟಲು ತುಂಬ ಸಾರು ಹೊಯ್ಯುವುದಿಲ್ಲ, ತಳ ನೆನೆಯುವಷ್ಟೇ. ಅಲ್ಲೇ ಹೊಯ್ ಆನ್ ಪಟ್ಟಣದ ಕಾವ್ ಲಾವ್ ಕೂಡ ಅಕ್ಕಿಯದು. ಅಕ್ಕಿಯನ್ನು ಬೂದಿನೀರಿನಲ್ಲಿ ನೆನೆಸುವುದರಿಂದ ಎಳೆ ಗಟ್ಟಿ, ಬಣ್ಣ ಮಾಸಲು. ದಕ್ಷಿಣದ ‘ಹು ತಿಯೂ’ ಚೀನಾದ ತಿಯೋಚ್ಯೂ ವಲಸಿಗರ ಮಾತಿನಿಂದ ಬಂದದ್ದು. ಮಲೇಷ್ಯಾದ ‘ಕ್ವೇ ಟಿಯೋ’ ಅದೇ ಪದದ ಇನ್ನೊಂದು ರೂಪ. ‘ಹು ತಿಯೂ ನಾಮ್ ವಾಂಗ್’ನಲ್ಲಿ ನಾಮ್ ವಾಂಗ್ ಎಂದರೆ ಕಾಂಬೋಡಿಯಾದ ನೋಮ್ ಪೆನ್. ಊರು ಅಂಟಿಕೊಂಡ ಇಂಥ ಹೆಸರುಗಳನ್ನು ಅನುವಾದಿಸದೆ ಇಟ್ಟು, ಮೊದಲ ಸಲ ಬಂದಾಗ ಎಳೆ ಎಂಥದೆಂದು ಹೇಳಿದರೆ ಸಾಕು.

‘ಬಾಞ್’ಗೆ ‘ಕೇಕ್’ ಸರ್ವಥಾ ಬೇಡ. ಬ್ರೆಡ್ಡು ಬಾಞ್ ಮಿ, ಕಾವಲಿಯ ಮೇಲೆ ಗರಿಗರಿಯಾಗುವ ದೋಸೆಯಂಥದು ಬಾಞ್ ಸೆಯೋ, ಅಕ್ಕಿಯ ತೆಳು ಹಾಳೆ ಬಾಞ್ ಚಾಂಗ್. ಹಿಟ್ಟಿನಿಂದಾದ ಬಹುಪಾಲು ತಿನಿಸಿಗೆ ಇದೇ ಹೆಸರು. ಇದರ ಜೋಡಿ ಕೊಡವ ತಕ್ಕಿನ ‘ಪುಟ್ಟು’: ಉಂಡೆ ಕಟ್ಟಿದರೆ ಕಡಂಬುಟ್ಟು, ಎಳೆಯಾದರೆ ನೂಪುಟ್ಟು, ಹಾಲಿನದು ಪಾಪುಟ್ಟು. ಹಳೆ ಮೈಸೂರಿನ ಕಡೆ ‘ಹಿಟ್ಟು ಉಣ್ಣು’ ಎಂದಾಗ ಹಿಟ್ಟು ಎಂದರೆ ರಾಗಿಮುದ್ದೆ ತಾನೇ? ಆದ್ದರಿಂದ ಒಂದೇ ಪದಕ್ಕಾಗಿ ಹುಡುಕದೆ ಆಯಾ ತಿನಿಸಿನ ಹೆಸರಿನ ಭಾಗವಾಗಿ ‘ಬಾಞ್’ ಅನ್ನು ಹಾಗೇ ಬಿಡಿ. ದಕ್ಷಿಣದವರು ಇದನ್ನು ‘ಬಾನ್’ ಎನ್ನುತ್ತಾರೆ, ಎರಡೂ ಒಂದೇ.

ಇನ್ನೊಂದು ಉತ್ತರ

ಮೇಲಿನದಕ್ಕೆ ಒಂದು ಸೇರ್ಪಡೆ. ‘ಬಾಞ್ ದಾ’ ಕಂಡರೆ ಯಾವ ಊರಿನ ಬರಹ ಎಂದು ಮೊದಲು ನೋಡಿ. ಉತ್ತರದಲ್ಲಿ ಅದು ಎಳ್ಳು ಹಚ್ಚಿ ಕೆಂಡದ ಮೇಲೆ ಸುಡುವ ಅಕ್ಕಿ ಹಪ್ಪಳ. ಬಂದರು ನಗರ ಹಾಯ್ ಫೋಂಗಿನ ಏಡಿಸಾರಿನ ಜೊತೆ ಬಂದರೆ ಕಂದುಗೆಂಪಿನ ಅಗಲ ಪಟ್ಟಿ ಶಾವಿಗೆ. ಹಪ್ಪಳ ಎಂದು ಅನುವಾದಿಸಿದರೆ ಇಡೀ ಅಡುಗೆಯೇ ಕೆಡುತ್ತದೆ.

ಉಚ್ಚಾರಣೆಯ ಬಗ್ಗೆ: ‘ಫೋ’ದ ಸ್ವರ ನಮ್ಮ ಓ ಅಲ್ಲ, ತುಟಿ ದುಂಡಗೆ ಮಾಡದೆ ಹೇಳುವ ದೀರ್ಘಸ್ವರ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ, ಕೊಡವ ತಕ್ಕಿನಲ್ಲಿ ಹತ್ತಿರದ ಸ್ವರ ಇದೆ. ತುಟಿ ದುಂಡಗೆ ಮಾಡಿ, ದನಿ ಏರಿಸಿ ‘ಫೋ’ ಎಂದರೆ ವಿಯೆಟ್ನಾಮೀಯರಿಗೆ ಅದು ‘ಬೀದಿ’. ಏರುದನಿಯ ‘ಬುನ್’ ಶಾವಿಗೆ, ಇಳಿದನಿಯದು ‘ಕೆಸರು’. ಈ ಏರಿಳಿತ ನಮ್ಮ ಲಿಪಿಯಲ್ಲಿ ಕೂರದು. ಬರಹದಲ್ಲಿ ‘ಫೋ’, ‘ಬುನ್’ ಎಂದೇ ಇಟ್ಟು, ಉಚ್ಚಾರಣೆಯನ್ನು ಮೊದಲ ಪುಟದಲ್ಲಿ ಒಮ್ಮೆ ವಿವರಿಸಿ.