ಹೊಸಿಲಿರೋ ಹಳೇ ಮನೆಗೆ ರೋಬೋ ವ್ಯಾಕ್ಯೂಮ್: ಯಾವುದು ತಗೊಳ್ಳಲಿ?

ಮೈಸೂರು_ಮಗ:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಎರಡೂ ಮಂಡಿ ಸವೆದಿದೆ. ಬಗ್ಗಿ ಕಸ ಗುಡಿಸಬಾರದು, ನೆಲ ಒರೆಸಬಾರದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಕೆಲಸದವರು ಬರೋದು ಹತ್ತೂವರೆಗೆ. ಅಲ್ಲೀವರೆಗೂ ಮನೆಯಲ್ಲಿ ಕಸ ಬಿದ್ದಿರಬಾರದು ಅನ್ನೋದು ಅಮ್ಮನ ಶಾಸ್ತ್ರ. ಹಾಗಾಗಿ ನಾನು ಏಳೋ ಹೊತ್ತಿಗೆ ಪೊರಕೆ ಅವರ ಕೈಯಲ್ಲೇ ಇರುತ್ತೆ. ಬೈದರೆ "ನೀನು ಗುಡಿಸೋ ಚೆಂದ ನೋಡಿದೀನಿ" ಅಂತಾರೆ.

ಮನೆ ಕುವೆಂಪುನಗರದಲ್ಲಿ, ಅಪ್ಪ ಎಂಬತ್ತರ ದಶಕದಲ್ಲಿ ಕಟ್ಟಿಸಿದ್ದು. ಹಾಲ್ ರೆಡ್ ಆಕ್ಸೈಡ್, ಆಮೇಲೆ ಸೇರಿಸಿದ ಎರಡು ರೂಮಿಗೆ ವಿಟ್ರಿಫೈಡ್ ಟೈಲ್ಸ್, ಅಡಿಗೆಮನೆಗೆ ಕಪ್ಪು ಕಡಪ ಕಲ್ಲು. ಪ್ರತಿ ರೂಮಿಗೂ ಹೊಸಿಲಿದೆ. ಹಾಲಲ್ಲಿ ದಿವಾನ, ಅಮ್ಮನ ರೂಮಲ್ಲಿ ತೇಗದ ಮಂಚ. ಕಾರ್ಪೆಟ್ ಇಲ್ಲ, ಕಾಲೊರೆಸೋ ಮ್ಯಾಟ್ ಮಾತ್ರ. ಹೆಂಡತಿಗೂ ಮಗಳಿಗೂ ಉದ್ದ ಕೂದಲು, ಮಲ್ಲಿಗೆ ಸೀಸನ್ನಲ್ಲಿ ಬಾಡಿದ ಹೂವು, ನಾರು ಎಲ್ಲ ನೆಲದ ಮೇಲೇ.

ಬಜೆಟ್ 30 ಸಾವಿರ. ಅಂಗಡಿಯವರು "10,000 ಪ್ಯಾಸ್ಕಲ್ ಇರೋದೇ ತಗೊಳ್ಳಿ ಸಾರ್, ಜೊತೆಗೆ ಮಾಪ್ ಬೇಕೇ ಬೇಕು" ಅಂತ ಹಿಡಿದುಕೊಂಡಿದ್ದಾರೆ. ಈ ಪ್ಯಾಸ್ಕಲ್ ಲೆಕ್ಕ ನಿಜವಾ? ಅಮ್ಮ ಬಳಸೋದು ಬಟನ್ ಫೋನು, ಅವರೊಬ್ಬರೇ ಇದನ್ನ ನಡೆಸಬಹುದಾ?

ಫ್ಲ್ಯಾಟ್‌ನಂಬರ್302:

ಲೈಡಾರ್ ಇರೋದು ತಗೊಳ್ಳಿ, ಮಿಕ್ಕಿದ್ದು ಆಮೇಲೆ. ಮೇಲೆ ಪುಟ್ಟ ಗುಮ್ಮಟದ ಥರ ಇರುತ್ತಲ್ಲ, ಅದರೊಳಗೆ ಲೇಸರ್ ತಿರುಗ್ತಾ ಗೋಡೆ ಎಷ್ಟು ದೂರ ಇದೆ ಅಂತ ಅಳೆದು ಮನೆ ನಕ್ಷೆ ಬರೆದುಕೊಳ್ಳುತ್ತೆ. ಕತ್ತಲಲ್ಲೂ ಕೆಲಸ ಮಾಡುತ್ತೆ, ಮಂಚದ ಕೆಳಗೆ ಹೋದಾಗ ಅದು ಮುಖ್ಯ. ಬರೀ ಕ್ಯಾಮೆರಾ ನಂಬಿಕೊಂಡಿರೋದಕ್ಕೆ ಬೆಳಕು ಬೇಕು. ತೀರಾ ಕಮ್ಮಿ ಬೆಲೆಯವು ಗುದ್ದಿಕೊಂಡು, ತಿರುಗಿಕೊಂಡು, ಎಲ್ಲಿ ಗುಡಿಸಿದೆ ಎಲ್ಲಿ ಬಿಟ್ಟೆ ಅಂತ ಗೊತ್ತಿಲ್ಲದೆ ಓಡಾಡ್ತವೆ. ನಿಮ್ಮ ಅಮ್ಮ ಅದನ್ನ ಒಂದೇ ದಿನದಲ್ಲಿ ಅಟ್ಟಕ್ಕೆ ಹಾಕಿಸ್ತಾರೆ.

ನಕ್ಷೆ ಇದ್ದರೆ ಇನ್ನೊಂದು ಅನುಕೂಲ. ದೇವರ ಮುಂದಿನ ರಂಗೋಲಿ ಇರೋ ಜಾಗಕ್ಕೆ ಆಪ್‌ನಲ್ಲಿ ಗೆರೆ ಎಳೆದು "ಇಲ್ಲಿ ಬರಬೇಡ" ಅಂತ ಹಾಕಬಹುದು. ಇಲ್ಲದಿದ್ದರೆ ರಂಗೋಲಿ ಪುಡಿಯನ್ನ ಅದು ಹಾಲ್ ತುಂಬ ಹಂಚುತ್ತೆ.

ಹುಬ್ಬಳ್ಳಿ_ರಿಪೇರಿ:

ನಾನು ಹುಬ್ಬಳ್ಳ್ಯಾಗ ರಿಪೇರಿ ಅಂಗಡಿ ಇಟ್ಕೊಂಡೀನ್ರಿ. ಮಿಕ್ಸರ್, ಗೀಸರ್, ಇಂಡಕ್ಷನ್ ಒಲಿ ಜೋಡಿ ಈಗೀಗ ಈ ದಪ್ಪ ರೊಟ್ಟಿಯಂಥಾ ಮಷಿನ್ನೂ ಟೇಬಲ್ ಮ್ಯಾಲ ಬಂದು ಕೂಡಾಕತ್ತಾವ. ಮಾರೋದು ನನ್ನ ಧಂದೆ ಅಲ್ಲ, ಹಿಂಗಾಗಿ ಕಂಪನಿ ಹೆಸರು ಹೇಳೂದಿಲ್ಲ. ಬಿಚ್ಚಿ ನೋಡಿದ್ದು ಹೇಳ್ತೀನಿ.

ಅಮ್ಮಾರು ಬಗ್ಗಬಾರದು ಅಂತಲ್ರೀ ನೀವು ಮಷಿನ್ ತರಾಕತ್ತಿದ್ದು? ಹಂಗಾರ ಪ್ಯಾಸ್ಕಲ್ ಆಮ್ಯಾಲ ನೋಡೂಣು. ಮಷಿನ್ ಮನಿಗೆ ಬಂದ ಮ್ಯಾಲ ಯಾರು ಯಾವಾಗ ಬಗ್ಗಬೇಕಾಗ್ತೈತಿ, ಮೊದಲ ಅದರ ಲೆಕ್ಕ ಹಾಕ್ರಿ. ಒಳಗಿನ ಕಸದ ಡಬ್ಬಿ ಭಾಳ ಸಣ್ಣದಿರ್ತೈತಿ, ಅರ್ಧ ಲೀಟರ್ ಸೈತ ಹಿಡಿಯೂದಿಲ್ಲ ಹೆಚ್ಚಿನವಕ್ಕ. ನಿಮ್ಮ ಮನ್ಯಾಗ ಕೂದಲಾ, ಹೂವಿನ ನಾರಾ ಎಲ್ಲಾ ಐತಿ ಅಂತೀರಿ, ಅಂದ್ರ ದಿನಾ ಖಾಲಿ ಮಾಡಬೇಕು. ಮಷಿನ್ ಇರೂದು ನೆಲದ ಮ್ಯಾಲ. ನೀವು ಆಫೀಸಿಗೆ ಹ್ವಾದ ಮ್ಯಾಲ ಆ ಡಬ್ಬಿ ತಗಿಯಾಕ ಬಗ್ಗೋರು ಯಾರ್ರೀ? ಮತ್ತ ಅಮ್ಮಾರ! ಕಸಬರಿಗಿ ತಪ್ಪಿಸಿ ಡಬ್ಬಿ ಕೊಟ್ಟಂಗಾತು.

ಅದಕ್ಕ ನಿಮ್ಮ ರೊಕ್ಕ ಹೋಗಬೇಕಾದ್ದು ತಾನ ಕಸ ಖಾಲಿ ಮಾಡ್ಕೊಳ್ಳೋ ಸ್ಟೇಷನ್‌ಗೆ. ಮಷಿನ್ ಗುಡಿಸಿ ಬಂದು ನಿಂತಾಗ ಸ್ಟೇಷನ್ನು ಅದರ ಹೊಟ್ಟಿಯೊಳಗಿಂದ ಕಸ ಎಳಕೊಂಡು ಒಂದು ದೊಡ್ಡ ಚೀಲಕ್ಕ ಹಾಕ್ತೈತಿ. ಎರಡೂವರಿ, ಮೂರು ಲೀಟರ್ ಚೀಲ, ವಾರಗಟ್ಟಲೆ ಬರ್ತೈತಿ. ಎಳಿಯೂ ಮುಂದ ಜೋರು ಸಪ್ಪಳ ಆಗ್ತೈತಿ, ಅಮ್ಮಾರಿಗೆ ಮೊದಲ ಹೇಳಿ ಇಡ್ರಿ, ಹೆದರ್ಯಾರು. ಚೀಲ ತುಂಬಿದ್ರ ಹೊಸಾದು ಕೊಳ್ಳಬೇಕು, ಅದೊಂದು ಕಾಯಂ ಖರ್ಚು. ಆ ಚೀಲ, ಫಿಲ್ಟರ್, ಬದಿ ಬ್ರಷ್ ಮುಂದ ಎರಡು ವರ್ಷ ಸಿಗ್ತಾವೋ ಇಲ್ಲೋ ಅಂತ ಮಷಿನ್ ಕೊಳ್ಳೂಕಿಂತ ಮೊದಲ ಹುಡುಕ್ರಿ. ಬಿಡಿ ಭಾಗ ಸಿಗದ ಮಷಿನ್ ನನ್ನ ಹತ್ರ ತಂದು ಸುರೀತಾರ, ನಾ ಏನು ಮಾಡ್ಲಿ?

ಪ್ಯಾಸ್ಕಲ್ ವಿಚಾರ. ಅದು ಎಳಿಯೋ ಒತ್ತಡದ ಲೆಕ್ಕ, ಸುಳ್ಳಲ್ಲ. ಆದ್ರ ಅಳಿಯೋದು ಬಾಯಿ ಪೂರಾ ಮುಚ್ಚಿ. ನೆಲದ ಮ್ಯಾಲ ಓಡೂ ಮುಂದ ಬಾಯಿ ತಗದಿರ್ತೈತಿ, ಸುತ್ತಲಿಂದ ಗಾಳಿ ಒಳಗ ನುಗ್ತೈತಿ. ಆವಾಗ ಎಷ್ಟು ಗಾಳಿ ಹರೀತೈತಿ, ಬ್ರಷ್ ನೆಲಕ್ಕ ಹೆಂಗ ತಾಗ್ತೈತಿ ಅನ್ನೂದು ಅಷ್ಟ ಮುಖ್ಯ. ದಪ್ಪ ಕಾರ್ಪೆಟ್ ಇದ್ದೋರು ದೊಡ್ಡ ನಂಬರ್ ನೋಡಬೇಕು. ರೆಡ್ ಆಕ್ಸೈಡ್‌ಗೂ ಟೈಲ್ಸ್‌ಗೂ ಮೂರು-ನಾಲ್ಕು ಸಾವಿರ ಬೇಕಾದಷ್ಟಾತು.

ನನ್ನ ಟೇಬಲ್‌ಗೆ ಮಷಿನ್ ತರೂದು ಹೆಚ್ಚಾಗಿ ಕೂದಲು. ನಡುವಿನ ಬ್ರಷ್ಷಿಗೆ ಸುತ್ಕೊಂಡಿದ್ದು ಎಲ್ಲಾರಿಗೂ ಕಾಣ್ತೈತಿ, ಕತ್ತರಿಸಿ ತಗೀತಾರ. ಕಾಣದಿರೂದು ಬ್ರಷ್ಷಿನ ತುದಿಗೆ, ಬೇರಿಂಗ್ ಹತ್ರ, ಮತ್ತ ಮುಂದಿನ ಸಣ್ಣ ಗಾಲಿ ಅಚ್ಚಿನಾಗ ಸೇರಿದ್ದು. ಎಣ್ಣಿ ಕೂದಲು ಧೂಳಿನ ಜೋಡಿ ಸೇರಿ ಬಿಗಿ ಹಗ್ಗ ಆಗ್ತೈತಿ, ತಿರುಗಿ ತಿರುಗಿ ಬಿಸಿ ಆಗಿ ಪ್ಲಾಸ್ಟಿಕ್ ಕರಗಿದ್ದೂ ನೋಡೀನಿ. ಮುಂದಿನ ಗಾಲಿ ಕೈಯಿಂದ ಎಳದ್ರ ಹೊರಗ ಬರ್ತೈತಿ, ಭಾಳ ಮಂದಿಗೆ ಇದು ಗೊತ್ತ ಇಲ್ಲ. ವಾರಕ್ಕೊಮ್ಮೆ ಎಳದು ಸ್ವಚ್ಛ ಮಾಡ್ರಿ. ಕೂದಲಿನಂಥಾ ಎಳಿ ಇರೋ ಬ್ರಷ್‌ಕಿಂತ ರಬ್ಬರ್ ಬ್ರಷ್ ಇದ್ದದ್ದು ಆರಿಸ್ರಿ. ಹೂವಿನ ದಾರ ಮಾತ್ರ ಯಾವ ಬ್ರಷ್ಷೂ ತಡ್ಕೊಳ್ಳೂದಿಲ್ಲ, ಅದನ್ನ ಆರಿಸೇ ತಗೀಬೇಕು. ಆ ಕೆಲಸ ಮಗಳಿಗೆ ಹಚ್ರಿ, ಅಮ್ಮಾರಿಗೆ ಬ್ಯಾಡ.

ಎರಡನೇದು ಫಿನಾಯಿಲ್. ಮಾಪ್ ಟ್ಯಾಂಕಿಗೆ ಬರೇ ನೀರು ಹಾಕ್ರಿ, ಇಲ್ಲಾ ಆ ಕಂಪನೀನ ಹೇಳಿದ ದ್ರವ. ಮನ್ಯಾಗಿನ ಫಿನಾಯಿಲ್ ಹಾಕಿದ್ರ ಸಣ್ಣ ಪೈಪ್ ಕಟ್ಕೋತೈತಿ, ಪಂಪ್ ಹೋಗ್ತೈತಿ. ಬೋರ್ ನೀರಾದ್ರ ಬಿಳೀ ಪುಡಿ ಕೂಡ್ತೈತಿ. ಮತ್ತ ಈ ಮಾಪ್ ಅಂದ್ರ ಒದ್ದಿ ಬಟ್ಟಿ ಎಳಕೊಂಡು ಹೋಗೂದು ಅಷ್ಟ. ಒಗ್ಗರಣಿ ಎಣ್ಣಿ ಕಲಿ ಅದಕ್ಕ ಹೋಗೂದಿಲ್ಲ. ಆ ಬಟ್ಟಿ ದಿನಾ ತಗದು ತೊಳೀಬೇಕು, ಇಲ್ಲಾಂದ್ರ ವಾಸನಿ. ಅಲ್ಲೂ ಬಗ್ಗೂದು ಬಂತು ನೋಡ್ರಿ. ತಾನ ಬಟ್ಟಿ ತೊಳದು ಒಣಗಿಸೋ ಸ್ಟೇಷನ್ ಅದಾವ, ಆದ್ರ ಅವು ಹೆಚ್ಚಾಗಿ ನಿಮ್ಮ 30 ಸಾವಿರ ದಾಟತಾವ. ನೆಲ ಒರಸಾಕ ಕೆಲಸದವರು ಬರ್ತಾರಲ್ಲ, ಬಿಡ್ರಿ ಮಾಪ್ ಚಿಂತಿ.

ಟೇಪ್ ಹಿಡದು ಎಲ್ಲಾ ಹೊಸ್ತಿಲದ ಎತ್ತರ, ದಿವಾನದ ಕೆಳಗಿನ ಎತ್ತರ ಅಳದು ಹಾಕ್ರಿ, ಆಮ್ಯಾಲ ಹೇಳ್ತೀನಿ. ಸಾಮಾನ್ಯ ಮಷಿನ್ 2 ಸೆಂಟಿಮೀಟರ್ ತನಕ ಹತ್ತತಾವ. ಆ ಗುಮ್ಮಟದ ಮಷಿನ್ ಹತ್ರಹತ್ರ 10 ಸೆಂಟಿಮೀಟರ್ ಎತ್ತರ ಇರ್ತಾವ.

ಕಡಪ ಕಲ್ಲಿನ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಮೆಟ್ಟಲದಿಂದ ಬೀಳಬಾರದಂತ ಹೊಟ್ಟಿ ಕೆಳಗ ಇನ್‌ಫ್ರಾರೆಡ್ ಸೆನ್ಸರ್ ಇರ್ತಾವ. ಬೆಳಕು ಬಿಟ್ಟು, ಅದು ತಿರುಗಿ ಬಂದ್ರ ನೆಲ ಐತಿ ಅಂತ ತಿಳಕೋತಾವ. ಅಚ್ಚ ಕಪ್ಪು ನೆಲ ಬೆಳಕು ನುಂಗಿಬಿಟ್ರ "ಮುಂದ ತಗ್ಗೈತಿ" ಅಂತ ಅಡಿಗಿಮನಿ ಬಾಗಲದಾಗ ನಿಂತಬಿಡ್ತೈತಿ. ಎಲ್ಲಾ ಮಷಿನ್‌ಗೂ ಹಿಂಗ ಆಗ್ತೈತಿ ಅಂತಲ್ಲ. ಮನಿಗೆ ಬಂದು ಡೆಮೊ ಕೊಡ್ತಾರೇನು ಕೇಳ್ರಿ, ಇಲ್ಲಾ ವಾಪಸ್ ತಗೊಳ್ಳೋ ಕಡೆ ಕೊಳ್ರಿ. ಸೆನ್ಸರ್ ಮ್ಯಾಲ ಟೇಪ್ ಹಚ್ಚೋ ಉಪಾಯ ಯಾರರ ಹೇಳ್ತಾರ, ಕೇಳಬ್ಯಾಡ್ರಿ. ಹಿತ್ತಲ ಮೆಟ್ಟಲದಾಗ ಬಿದ್ದ ಮಷಿನ್ ಜೋಡಿಸಾಕ ಆಗೂದಿಲ್ಲ.

ನೆಟ್ವರ್ಕ್_ಗೃಹಿಣಿ:

ಹುಬ್ಬಳ್ಳಿಯವರು ಹೇಳಿದ ಡಬ್ಬಿ ವಿಷಯ ಅಂಗಡಿಯಲ್ಲಿ ಯಾರೂ ಹೇಳಲ್ಲ. ನಾನು ಅಮ್ಮನ ಬಟನ್ ಫೋನಿನ ಪ್ರಶ್ನೆಗೆ ಬರ್ತೀನಿ.

ಮೊದಲ ಸಲ ನಕ್ಷೆ ಮಾಡೋಕೆ, ಗೆರೆ ಎಳೆಯೋಕೆ ನಿಮ್ಮ ಫೋನು, ವೈಫೈ ಬೇಕು. ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯೋದು, ರೌಟರ್‌ನಲ್ಲಿ ಅದು ಆನ್ ಇದೆಯಾ ನೋಡಿ. ಆಮೇಲೆ ನೀವೇ ಬೆಳಗ್ಗೆ ಆರೂವರೆಗೆ ಅಂತ ಟೈಮ್ ಇಟ್ಟುಬಿಡಿ, ಅಮ್ಮ ಏನೂ ಮುಟ್ಟಬೇಕಾಗಿಲ್ಲ. ಹಾಗಿದ್ದರೂ ಮಷಿನ್ ಮೇಲೆ ಶುರು ಮಾಡೋ ಬಟನ್, ಸ್ಟೇಷನ್‌ಗೆ ವಾಪಸ್ ಕಳಿಸೋ ಬಟನ್ ಎರಡೂ ಇರಲಿ. ಅದನ್ನೂ ಬಗ್ಗಿಯೇ ಒತ್ತಬೇಕು ಅನ್ನೋದು ನಿಜ, ಆದರೆ ಕಾಲ್ಬೆರಳಿದೆಯಲ್ಲ. ನಮ್ಮ ಅತ್ತೆ ಹಾಗೇ ಮಾಡೋದು.

ಬಟನ್ ಇರಲಿ ಅಂತ ಒತ್ತಿ ಹೇಳೋದಕ್ಕೆ ಕಾರಣ ಇದೆ. ನೀಟೋ ಅಂತ ಒಳ್ಳೇ ಹೆಸರಿದ್ದ ಅಮೆರಿಕನ್ ಕಂಪನಿ 2023ರಲ್ಲಿ ಬಾಗಿಲು ಹಾಕಿತು. 2025ರಲ್ಲಿ ಅದರ ಸರ್ವರ್ ಸೇವೆಯೂ ನಿಂತಿತು, ಆಪ್ ಕೆಲಸಕ್ಕೆ ಬಾರದಾಯ್ತು. ಗಟ್ಟಿಮುಟ್ಟಾಗಿದ್ದ ಮಷಿನ್ನೂ ಬರೀ ಬಟನ್ ಒತ್ತಿ ನಡೆಸೋ ಹಾಗಾಯ್ತು. 2002ರಲ್ಲೇ ರೂಂಬಾ ಅನ್ನೋ ರೋಬೋ ವ್ಯಾಕ್ಯೂಮ್ ತಂದ ಐರೋಬಾಟ್ ಕಂಪನಿ ಕೂಡ 2025ರ ಡಿಸೆಂಬರ್‌ನಲ್ಲಿ ಅಮೆರಿಕದ ಕೋರ್ಟಿನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅಷ್ಟು ದೊಡ್ಡವರದ್ದೇ ಹೀಗೆ.

ಇನ್ನು ಕ್ಯಾಮೆರಾ. ವೈರು, ಚಪ್ಪಲಿ ತಪ್ಪಿಸಿ ಹೋಗೋಕೆ ಕ್ಯಾಮೆರಾ ಇದ್ದರೆ ಅನುಕೂಲವೇ. ಆದರೆ 2022ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಅನ್ನೋ ಪತ್ರಿಕೆ ಒಂದು ವರದಿ ಮಾಡಿತ್ತು: ಪರೀಕ್ಷೆಗೆ ಕೊಟ್ಟಿದ್ದ ರೂಂಬಾಗಳು ಮನೆಯೊಳಗೆ ತೆಗೆದ ಚಿತ್ರಗಳು, ಟಾಯ್ಲೆಟ್‌ನಲ್ಲಿ ಕೂತ ಹೆಂಗಸಿನದೂ ಸೇರಿ, ಆ ಚಿತ್ರಗಳಲ್ಲಿ ಏನೇನಿದೆ ಅಂತ ಗುರುತು ಹಾಕೋ ಕೆಲಸಗಾರರ ಮೂಲಕ ಸೋಶಿಯಲ್ ಮೀಡಿಯಾಕ್ಕೆ ಹೋಗಿದ್ದವು. ಅವು ಮಾರಾಟದ ಮಷಿನ್ ಅಲ್ಲ, ಒಪ್ಪಿಗೆ ಕೊಟ್ಟವರ ಮನೆಯವು ಅಂತ ಕಂಪನಿ ಹೇಳಿತು. 2024ರಲ್ಲಿ ಅಮೆರಿಕದ ಕೆಲವು ಊರುಗಳಲ್ಲಿ ಇಕೋವ್ಯಾಕ್ಸ್ ಅನ್ನೋ ಕಂಪನಿಯ ಒಂದು ರೋಬೋ ಮಾಡೆಲ್ ಹ್ಯಾಕ್ ಆಗಿ ಮನೆಯವರನ್ನೇ ಬೈಯೋಕೆ ಶುರುಮಾಡಿತ್ತು. ನನ್ನನ್ನ ಕೇಳಿದರೆ ಅಮ್ಮ ಓಡಾಡೋ ಮನೆಗೆ ಕ್ಯಾಮೆರಾ ಬೇಡ. ಲೇಸರ್ ಸಾಕು, ವೈರ್ ಎತ್ತಿಡೋದು ನಾವೇ ಕಲಿಯೋಣ.

ಮೈಸೂರು_ಮಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಳತೆ ತಗೊಂಡೆ. ಅಡಿಗೆಮನೆ ಹೊಸಿಲು 1.5 ಸೆಂಟಿಮೀಟರ್, ಮಗಳ ರೂಮು 2, ಅಮ್ಮನ ರೂಮು 3.5, ದೇವರಮನೆ 5. ಮಂಚದ ಕೆಳಗೆ 14 ಇದೆ, ದಿವಾನದ ಕೆಳಗೆ 8.5. ಅಮ್ಮನ ರೂಮಿನ ಹೊಸಿಲಿಗೆ ಎರಡೂ ಕಡೆ ಮರದ ಇಳಿಜಾರು ಮಾಡಿಸಿದರೆ ಹೇಗೆ? ಕರೆಂಟ್ ಬಿಲ್ ಎಷ್ಟು ಏರಬಹುದು ಅಂತ ಅಮ್ಮ ಕೇಳ್ತಿದಾರೆ. ಜೊತೆಗೆ "ಅದು ಮೂಲೆ ಗುಡಿಸುತ್ತಾ?" ಅಂತಾನೂ.

ಹುಬ್ಬಳ್ಳಿ_ರಿಪೇರಿ:

ಮಂಡಿ ನೋವಿನವರ ಕೋಣಿ ಬಾಗಲಕ್ಕ ಇಳಿಜಾರು ಬ್ಯಾಡ್ರಿ. ರಾತ್ರಿ ಬಾತ್ರೂಮಿಗೆ ಎದ್ದಾಗ ರೂಢಿ ಇಲ್ಲದ ಪಟ್ಟಿಗೆ ಕಾಲು ತಾಗ್ತೈತಿ. ಆ ಕೋಣಿಗೆ ನೀವ ಮುಂಜಾನೆ ಮಷಿನ್ ಎತ್ತಿ ಇಡ್ರಿ, ಮೂರ್ನಾಲ್ಕು ಕಿಲೋ ಇರ್ತೈತಿ ಅಷ್ಟ. ಒಳ್ಳೇ ಮಷಿನ್ ಇದ್ರ ಹಳೇ ನಕ್ಷಿಯೊಳಗ ತಾ ಎಲ್ಲಿದೀನಿ ಅಂತ ತಿಳಕೊಂಡು ಗುಡಿಸ್ತೈತಿ. ಮುಗದ ಮ್ಯಾಲ ಹೊಸ್ತಿಲ ದಾಟಿ ಸ್ಟೇಷನ್‌ಗೆ ಬರಾಕ ಆಗೂದಿಲ್ಲ, ಅಲ್ಲೇ ನಿಲ್ತೈತಿ. ಆಫೀಸಿಗೆ ಹೋಗೂಕಿಂತ ಮೊದಲ ಎತ್ತಿ ಸ್ಟೇಷನ್ ಮ್ಯಾಲ ಇಟ್ಟು ಹೋಗ್ರಿ. ಹೆಚ್ಚು ಎತ್ತರ ಹತ್ತೋ ಮಷಿನ್ ಬಂದಾವ, ನಿಮ್ಮ ಬಜೆಟ್‌ನಾಗ ಬರೂದಿಲ್ಲ.

ಮಗಳ ಕೋಣೀದು 2 ಅಂದ್ರ ಅಂಚಿನ ಮ್ಯಾಲ ಐತಿ. ಹೊಸ್ತಿಲದ ಮೂಲಿ ದುಂಡಗಿದ್ರ ಹತ್ತತೈತಿ, ಚೂಪಿದ್ರ ಒಮ್ಮೊಮ್ಮೆ ಒದ್ದಾಡತೈತಿ. ದೇವರಮನಿ ಕೈ ಬಿಡ್ರಿ, ಅಲ್ಲಿ ಮಷಿನ್ ಓಡಿಸಾಕ ಅಮ್ಮಾರೂ ಒಪ್ಪೂದಿಲ್ಲ.

ದಿವಾನದ ಕೆಳಗ ಗುಮ್ಮಟದ ಮಷಿನ್ ಹೋಗೂದಿಲ್ಲ. ಬಡಿಗ್ಯಾರ ಕಡೆ ನಾಲ್ಕು ಕಟಗಿ ತುಂಡು ಮಾಡಿಸಿ ಕಾಲಿಗೆ ಬಿಗೀರಿ, 3 ಸೆಂಟಿಮೀಟರ್ ಏರಿಸಿದ್ರ ಆತು. ದಿವಾನ ಎತ್ತರ ಆದ್ರ ಅಮ್ಮಾರಿಗೆ ಎದ್ದು ಕೂಡಾಕನೂ ಸಲೀಸು. ಸ್ಟೇಷನ್ನು ಹಾಲ್‌ನಾಗ ಗ್ವಾಡಿಗೆ ಆನಿಸಿ ಇಡ್ರಿ, ಮುಂದ ನಾಲ್ಕೈದು ಅಡಿ ಖಾಲಿ ಇರಲಿ. ವೈರ್ ನಡಿಯೋ ದಾರ್ಯಾಗ ಬರಬಾರದು.

ಕರೆಂಟು ಅಗದೀ ಕಡಿಮಿ. 14.4 ವೋಲ್ಟಿನ 5,200 ಎಂಎಎಚ್ ಬ್ಯಾಟರಿ ಪೂರಾ ತುಂಬಿದ್ರೂ 75 ವ್ಯಾಟ್-ಅವರ್. ಚಾರ್ಜ್ ಆಗೂ ಮುಂದ ಹಾಳಾಗೂದು ಹಿಡದ್ರೂ ಒಂದು ಯೂನಿಟ್‌ನ ಹತ್ತರಾಗ ಒಂದು ಪಾಲು ಅಷ್ಟ. ಸ್ಟೇಷನ್ ಕಸ ಎಳಿಯೂದು ಕೆಲವು ಸೆಕೆಂಡ್, ಅದು ಲೆಕ್ಕಕ್ಕಿಲ್ಲ. ದಿನಾ ಓಡಿಸಿದ್ರೂ ತಿಂಗಳಿಗೆ ನಾಲ್ಕೈದು ಯೂನಿಟ್ ದಾಟೂದಿಲ್ಲ ಅಂತ ಹೇಳ್ರಿ ಅಮ್ಮಾರಿಗೆ.

ಮೂಲಿ ಗುಡಿಸೂದಿಲ್ರಿ. ಮಷಿನ್ ದುಂಡಗ, ಮೂಲಿ ಚೌಕ. ಬದಿ ಬ್ರಷ್ ಒಂದಷ್ಟು ಎಳೀತೈತಿ, ಉಳಿದದ್ದು ಅಲ್ಲೇ ಉಳೀತೈತಿ. ಆ ಕಸ ಅಮ್ಮಾರ ಕಣ್ಣಿಗೆ ಬಿದ್ದ ಬೀಳ್ತೈತಿ. ಅದಕ್ಕ ಉದ್ದ ಹಿಡಿಕೀದು ಒಂದು ಕಸಬರಿಗಿ, ನಿಂತಗೊಂಡ ಕಸ ತಗೊಳ್ಳೋ ಉದ್ದ ಹಿಡಿಕಿ ಮೊರ, ಎರಡೂ ತಂದಿಡ್ರಿ. ದೇವರಾಜ ಮಾರ್ಕೆಟ್ ಕಡೆ ಹ್ವಾದ್ರ ಸಿಗಬೇಕು.