ಪದಚರ್ಚೆ: ‘ಯೆಹೋವನ ಭಯ’ದಲ್ಲಿರುವ ಭಯ ಯಾವುದು? ‘ಮೂಲ’ವೆಂದರೆ ಮೊದಲೋ, ಬೇರೋ?

ಮಾನ್ಯರೆ,

“ಯೆಹೋವನ ಭಯವೇ ತಿಳುವಳಿಕೆಗೆ ಮೂಲವು” ಎಂಬ ಬೈಬಲಿನ ಜ್ಞಾನೋಕ್ತಿಗಳು 1:7ರ ಮಾತು ಕನ್ನಡ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬೆಳೆದವರಿಗೆಲ್ಲ ಬಾಯಿಪಾಠವಾಗಿರುತ್ತದೆ. ಸಂಡೇ ಸ್ಕೂಲಿನ ಕಂಠಪಾಠದ ವಾಕ್ಯಗಳಲ್ಲಿ ಇದಕ್ಕೆ ಮೊದಲ ಸಾಲಿನಲ್ಲೇ ಜಾಗ. ಹದಿಹರೆಯದ ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ಪಾಠಪುಸ್ತಕವೊಂದರ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದ್ದು, ಅದರಲ್ಲಿ ಈ ವಚನದ ‘ಭಯ’ವನ್ನು ಇದ್ದ ಹಾಗೆಯೇ ಉಳಿಸಬೇಕೋ, ‘ಭಯಭಕ್ತಿ’ ಎಂದು ಬೆಳೆಸಬೇಕೋ, ಅಥವಾ ‘ಗೌರವ’ ಎಂದು ಮೆತ್ತಗೆ ಮಾಡಬೇಕೋ ಎಂಬ ವಿಷಯದಲ್ಲಿ ನಮ್ಮೊಳಗೆ ಒಮ್ಮತ ಮೂಡಿಲ್ಲ. ದೇವರೆಂದರೆ ಹೆದರಬೇಕಾದವನು ಎಂಬ ಭಾವನೆ ಮಕ್ಕಳಲ್ಲಿ ಬೇರೂರಬಾರದೆಂಬುದು ಬದಲಾವಣೆ ಬಯಸುವವರ ಕಳಕಳಿ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ‘ಭಯ’ವನ್ನು ಬಿಟ್ಟರೆ ವಚನದ ಜೀವವೇ ಹೋಗುತ್ತದೆಂಬುದು ನನ್ನ ಎಣಿಕೆ. ಅದಕ್ಕೆ ಕಾರಣಗಳನ್ನು ಇಲ್ಲಿ ಬರೆದು, ಕೊನೆಯಲ್ಲಿ ತಮ್ಮ ಪ್ರಾಂತಗಳ ಬಳಕೆಯ ಬಗ್ಗೆ ಕೆಲವು ವಿಚಾರಗಳನ್ನು ಕೇಳುತ್ತೇನೆ.

ಇಬ್ರಿಯ ಮೂಲದಲ್ಲಿರುವ ಪದ ‘ಯಿರ್‌ಆ’. ಎದೆ ನಡುಗಿಸುವ ಗಾಬರಿಗೆ ಆ ಭಾಷೆಯಲ್ಲಿ ‘ಪಹದ್’ ಎಂಬ ಬೇರೆ ಪದವಿದೆ. ‘ಯಿರ್‌ಆ’ದ ಹರವು ಅದಕ್ಕಿಂತ ದೊಡ್ಡದು. ಸಾಮಾನ್ಯ ಹೆದರಿಕೆಯಿಂದ ಹಿಡಿದು, ದೊಡ್ಡವರ ಮುಂದೆ ತಾನಾಗಿಯೇ ಮೂಡುವ ಅಳುಕಿನವರೆಗೆ ಎಲ್ಲವೂ ಅದರೊಳಗೆ ಅಡಗುತ್ತವೆ. ಯಾಜಕಕಾಂಡ 19:3ರಲ್ಲಿ ತಾಯಿತಂದೆಗಳ ವಿಷಯದಲ್ಲಿ ಮಕ್ಕಳಿಗೆ ಇರಬೇಕಾದ ಭಾವಕ್ಕೂ ಇದೇ ಧಾತುವಿನ ಕ್ರಿಯಾಪದ ಬಂದಿದೆ. ಇದಕ್ಕಿಂತ ಮುಖ್ಯವಾದದ್ದು ವಿಮೋಚನಕಾಂಡ 20:20. ಸೀನಾಯಿ ಬೆಟ್ಟದಲ್ಲಿ ಗುಡುಗು, ಮಿಂಚು, ಹೊಗೆಗಳನ್ನು ಕಂಡು ದೂರ ಸರಿದು ನಿಂತ ಜನರಿಗೆ ಮೋಶೆಯು, ಭಯಪಡಬೇಡಿರಿ, ನೀವು ಪಾಪ ಮಾಡದಂತೆ ದೇವರ ಭಯ ನಿಮ್ಮ ಕಣ್ಣೆದುರಿಗೆ ಇರಬೇಕೆಂದೇ ಆತನು ಬಂದಿದ್ದಾನೆ ಎನ್ನುತ್ತಾನೆ. ಒಂದೇ ವಾಕ್ಯದಲ್ಲಿ ಒಂದೇ ಧಾತುವಿನಿಂದ ಒಂದು ಭಯವನ್ನು ಬಿಡಲು ಹೇಳಿ ಇನ್ನೊಂದನ್ನು ಹಿಡಿಯಲು ಹೇಳಿದೆ. ಬಿಡಬೇಕಾದದ್ದು ದೇವರಿಂದ ದೂರ ಓಡಿಸುವ ಭಯ, ಹಿಡಿಯಬೇಕಾದದ್ದು ಪಾಪದಿಂದ ದೂರ ಇರಿಸುವ ಭಯ. ಎರಡು ಬೇರೆ ಪದಗಳನ್ನು ಹಾಕಿಬಿಟ್ಟರೆ ಆ ವಾಕ್ಯದ ಬಿಗಿ ಸಡಿಲವಾಗುತ್ತದೆ.

‘ಭಯವೋ ಭಕ್ತಿಯೋ’ ಎಂಬ ನಮ್ಮ ಪ್ರಶ್ನೆ ಬಹಳ ಹಳೆಯದು. ಕ್ರಿಸ್ತಪೂರ್ವದಲ್ಲೇ ಯೆಹೂದ್ಯರು ತಮ್ಮ ಗ್ರಂಥಗಳನ್ನು ಗ್ರೀಕಿಗೆ ತಿರುಗಿಸಿದಾಗ ಜ್ಞಾನೋಕ್ತಿಗಳ ಅನುವಾದಕನು ಈ ವಚನದಲ್ಲಿ ಒಂದಕ್ಕೆ ಎರಡು ಸಾಲು ಬರೆದಿದ್ದಾನೆ. ಒಂದರಲ್ಲಿ ‘ಫೋಬೊಸ್ ಥೆಯು’, ಅಂದರೆ ದೇವರ ಭಯ, ಜ್ಞಾನದ ಆದಿ. ಇನ್ನೊಂದರಲ್ಲಿ ‘ಯೂಸೆಬೆಯ ಐಸ್ ಥೆಯೊನ್’, ಅಂದರೆ ದೇವರ ಕಡೆಗಿರುವ ಭಕ್ತಿ, ಅರಿವಿನ ಆದಿ. ಯೆಹೋವನ ಆತ್ಮದ ವರಗಳನ್ನು ಎಣಿಸುವ ಯೆಶಾಯ 11ರಲ್ಲಿಯೂ ಹೀಗೆಯೇ ಆಗಿದೆ. ಇಬ್ರಿಯದ ಎರಡನೆಯ ಮತ್ತು ಮೂರನೆಯ ವಚನಗಳಲ್ಲಿ ‘ಯಿರ್‌ಆ’ ಎಂಬುದೇ ಎರಡು ಸಲ ಬಂದಿದ್ದರೂ, ಗ್ರೀಕಿನಲ್ಲಿ ಮೊದಲನೆಯದು ಭಕ್ತಿಯಾಯಿತು, ಎರಡನೆಯದು ಭಯವಾಗಿ ಉಳಿಯಿತು. ಲ್ಯಾಟಿನ್ ಬೈಬಲಾದ ವುಲ್ಗಾತವೂ ಅದೇ ಜಾಡು ಹಿಡಿಯಿತು. ಕಥೋಲಿಕ ಸಭೆಯಲ್ಲಿ ದೃಢೀಕರಣ ಸಂಸ್ಕಾರದ ಹೊತ್ತಿಗೆ ಮಕ್ಕಳು ಕಲಿಯುವ ಪವಿತ್ರಾತ್ಮರ ವರಗಳು ಏಳಾದದ್ದು ಹೀಗೆ. ಇಬ್ರಿಯ ಪಾಠದ ಎರಡನೆಯ ವಚನದಲ್ಲಿ ಎಣಿಸಿದರೆ ಸಿಗುವುದು ಆರೇ. ಭಕ್ತಿ ಒಂದು ವರ, ದೈವಭಯ ಇನ್ನೊಂದು ವರ ಎಂದು ಬೇರೆಬೇರೆಯಾಗಿ ಎಣಿಸುವ ಪರಂಪರೆಗೆ ಇವೆರಡನ್ನೂ ಒಂದು ಮಾಡಿ ಒಂದನ್ನು ಕೈಬಿಡುವ ಆಲೋಚನೆ ಒಗ್ಗಲಾರದು.

ಕನ್ನಡದ ಅನುವಾದಕರಿಗೆ ಈ ಸೂಕ್ಷ್ಮ ತಿಳಿದಿರಲಿಲ್ಲವೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕೈಹಾಕಿದ ಅನುವಾದ ಪೂರ್ತಿಯಾಗಲು ಸುಮಾರು ಎರಡು ದಶಕಗಳೇ ಹಿಡಿದವು. ಆಮೇಲೆ ಬಾಸೆಲ್ ಮಿಷನ್ನಿನವರು ಅದನ್ನು ಪರಿಷ್ಕರಿಸಿದರು. ಇಂದು ಸಭೆಗಳಲ್ಲಿ ಓದುವ ‘ಸತ್ಯವೇದವು’ ಇಂಥ ಹಲವು ಕೈಗಳನ್ನು ದಾಟಿ ಬಂದದ್ದು. ಅದರಲ್ಲಿ 1 ಯೋಹಾನ 4:18 ಹೀಗಿದೆ: “ಪ್ರೀತಿಯು ಇರುವಲ್ಲಿ ಹೆದರಿಕೆಯಿಲ್ಲ.” ಗ್ರೀಕಿನಲ್ಲಿ ಇಲ್ಲಿರುವುದೂ ‘ಫೋಬೊಸ್’ ಎಂಬ ಪದವೇ. ‘ಪ್ರೀತಿಯಿರುವಲ್ಲಿ ಭಯವಿಲ್ಲ’ ಎಂದು ಬರೆದಿದ್ದರೆ, ಭಯವೇ ತಿಳುವಳಿಕೆಗೆ ಮೂಲವೆಂದ ಪುಸ್ತಕಕ್ಕೂ ಇದಕ್ಕೂ ಕನ್ನಡದಲ್ಲಿ ನೇರ ಘರ್ಷಣೆ ಕಾಣುತ್ತಿತ್ತು. ಅನುವಾದಕರು ಕಳಚಬೇಕಾದ ಭಯಕ್ಕೆ ಅಚ್ಚಗನ್ನಡದ ‘ಹೆದರಿಕೆ’ಯನ್ನು ಕೊಟ್ಟು, ಉಳಿಯಬೇಕಾದದ್ದಕ್ಕೆ ‘ಭಯ’ವನ್ನು ಮೀಸಲಿಟ್ಟಿದ್ದಾರೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ (1:7) ದೇವರು ಕೊಟ್ಟದ್ದು ‘ಹೇಡಿತನದ ಆತ್ಮ’ವಲ್ಲ ಎಂದಿದೆ, ಗ್ರೀಕಿನಲ್ಲಿ ಅಲ್ಲಿ ಪದವೇ ಬೇರೆ, ಕನ್ನಡದಲ್ಲೂ ಬೇರೆಯೇ. ಎಲ್ಲ ಕಡೆಯೂ ಈ ವ್ಯವಸ್ಥೆಯನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆಂದು ನಾನು ವಾದಿಸುವುದಿಲ್ಲ. ರೋಮಾಪುರದವರಿಗೆ 8:15ರಲ್ಲಿ “ತಿರಿಗಿ ಭಯದಲ್ಲಿ ಬೀಳುವ ಹಾಗೆ ದಾಸನ ಭಾವವನ್ನು” ಎಂದು ಕೆಟ್ಟ ಭಯಕ್ಕೂ ‘ಭಯ’ವನ್ನೇ ಬಳಸಿದ್ದಾರೆ. ಆದರೆ ಅಲ್ಲಿ ‘ದಾಸನ ಭಾವ’, ‘ಮಗನ ಭಾವ’ ಎಂಬ ಎರಡು ಮಾತುಗಳೇ ಅರ್ಥವನ್ನು ಕಾಯುತ್ತವೆ.

ಈ ದಾಸ ಮತ್ತು ಮಗನ ಭೇದವನ್ನೇ ಪಶ್ಚಿಮದ ದೈವಶಾಸ್ತ್ರಜ್ಞರು ಮುಂದೆ ಬೆಳೆಸಿದರು. ಯೋಹಾನನ ಪತ್ರದ ಮೇಲಿನ ತನ್ನ ಪ್ರಸಂಗದಲ್ಲಿ ಅಗಸ್ಟೀನನು ಇಬ್ಬರು ಹೆಂಡತಿಯರ ಮಾತು ತೆಗೆಯುತ್ತಾನೆ: ತಪ್ಪುದಾರಿ ಹಿಡಿದವಳು ಗಂಡನು ಎಲ್ಲಿ ಬಂದುಬಿಡುತ್ತಾನೋ ಎಂದು ಹೆದರುತ್ತಾಳೆ, ಒಲಿದವಳು ಎಲ್ಲಿ ಬಿಟ್ಟುಹೋಗುತ್ತಾನೋ ಎಂದು ಹೆದರುತ್ತಾಳೆ, ಪ್ರೀತಿಯು ಹೊರಡಿಸುವುದು ಮೊದಲನೆಯದನ್ನು, ಕೀರ್ತನೆ 19ರಲ್ಲಿ ಶಾಶ್ವತವೆಂದು ಹಾಡಿರುವುದು ಎರಡನೆಯದನ್ನು. ಅಕ್ವಿನಾಸನ ಥಾಮಸನು ಹದಿಮೂರನೆಯ ಶತಮಾನದಲ್ಲಿ ಇದನ್ನೇ ಇನ್ನಷ್ಟು ಬಿಡಿಸಿ, ದಂಡನೆಗೆ ಹೆದರುವ ದಾಸಭಯವು ಜ್ಞಾನಕ್ಕೆ ಹೊರಗಿನಿಂದ ಅಣಿಮಾಡುವ ಆರಂಭವೆಂದೂ, ತಂದೆಯ ಮನ ನೋಯಿಸಲು ಅಂಜುವ ಪುತ್ರಭಯವು ಜ್ಞಾನದಿಂದಲೇ ಹೊಮ್ಮುವ ಮೊದಲ ಫಲವೆಂದೂ ಹೇಳಿದನು. ಪಾಠಪುಸ್ತಕಕ್ಕೆ ಇಷ್ಟೆಲ್ಲ ಬೇಕಿಲ್ಲ; ಆದರೆ ‘ಭಯ’ವನ್ನು ತೆಗೆದರೆ ಈ ಭೇದವನ್ನು ಕಲಿಸಲು ಪದವೇ ಇರುವುದಿಲ್ಲವೆಂಬುದು ಗಮನಕ್ಕೆ ಬರಲಿ.

ಇನ್ನು ವ್ಯಾಕರಣದ ಮಾತು. ಮಕ್ಕಳಿಗೆ ‘ಯೆಹೋವನ ಭಯ’ ಒರಟಾಗಿ ಕೇಳಿಸುವುದಕ್ಕೆ ‘ಭಯ’ಕ್ಕಿಂತ ಅದರ ಹಿಂದಿರುವ ಷಷ್ಠೀ ವಿಭಕ್ತಿಯೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ. ‘ಹುಲಿಯ ಭಯ’, ‘ಕಳ್ಳರ ಭಯ’, ‘ಬೆಂಕಿಯ ಭಯ’ ಎನ್ನುವಾಗ ಷಷ್ಠಿಯಲ್ಲಿರುವುದು ಕೇಡು ಬರುವ ಕಡೆ. ಸಂಸ್ಕೃತದ ‘ಚೋರಭಯ’ವು ಪಂಚಮೀ ತತ್ಪುರುಷವಾಗಿದ್ದು, ಪಾಣಿನಿಯು ಇದಕ್ಕೆಂದೇ ‘ಪಂಚಮೀ ಭಯೇನ’ ಎಂಬ ಸೂತ್ರವನ್ನು ಮಾಡಿದ್ದಾನೆ: ಕಳ್ಳನಿಂದ ಭಯ. ಹೀಗಾಗಿ ‘ದೇವರ ಭಯ’ವು ಕೇಳುಗನ ಕಿವಿಯಲ್ಲಿ ತಾನಾಗಿ ಆ ಸಾಲಿಗೆ ಹೋಗಿ ನಿಲ್ಲುತ್ತದೆ. ಅದೇ ‘ದೇವರಲ್ಲಿ ಭಯಭಕ್ತಿ’ ಎಂದಾಗ ಸಪ್ತಮಿ ಬರುತ್ತದೆ, ಮತ್ತು ಆ ಸಪ್ತಮಿಯನ್ನು ತಂದದ್ದು ಭಕ್ತಿಯೇ. ‘ಹುಲಿಯಲ್ಲಿ ಭಯ’ ಎಂದು ಯಾರೂ ಹೇಳುವುದಿಲ್ಲ. ಗ್ರೀಕ್ ಅನುವಾದಕನು ಭಯಕ್ಕೆ ಷಷ್ಠಿಯನ್ನೂ ಭಕ್ತಿಗೆ ‘ದೇವರ ಕಡೆಗೆ’ ಎಂಬ ಅರ್ಥದ ಉಪಸರ್ಗವನ್ನೂ ಕೊಟ್ಟದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಎರಡು ಭಾಷೆಗಳೂ ಒಂದೇ ಕಡೆ ಒಂದೇ ತೊಡಕಿಗೆ ಸಿಕ್ಕಿ ಒಂದೇ ಉಪಾಯ ಹೂಡಿದಂತಿದೆ.

ಕನ್ನಡದಲ್ಲಿ ಮೂರನೆಯ ದಾರಿಯೊಂದಿದೆ, ಅದು ಚತುರ್ಥಿ: ‘ದೇವರಿಗೆ ಅಂಜಿ ನಡೆಯುವವನು’. ಹುಲಿಗೂ ಅಂಜಬಹುದು, ನಿಜ. ಆದರೆ ಹುಲಿಗೆ ಅಂಜಿ ‘ಓಡುತ್ತೇವೆ’, ದೇವರಿಗೋ ತಂದೆಗೋ ಹಿರಿಯರಿಗೋ ಅಂಜಿ ‘ನಡೆಯುತ್ತೇವೆ’. ‘ನಡೆ’ ಎಂಬ ಕ್ರಿಯಾಪದವೇ ಭಯವನ್ನು ನಡತೆಯಾಗಿ ತಿರುಗಿಸಿಬಿಡುತ್ತದೆ. ಜ್ಞಾನೋಕ್ತಿಗಳು 8:13ರಲ್ಲಿ ಯೆಹೋವನ ಭಯವೆಂದರೆ ಕೆಟ್ಟದ್ದನ್ನು ಹಗೆಮಾಡುವುದೆಂದು ಹೇಳಿ, ಗರ್ವ, ಅಹಂಭಾವ, ದುರ್ಮಾರ್ಗ, ಕುಟಿಲದ ಬಾಯಿ ಎಂದು ಒಂದೊಂದಾಗಿ ಹೆಸರಿಸಿರುವುದು ನಡತೆಯ ಮಾತೇ ತಾನೆ. ಅಧ್ಯಾಪಕರು ವಚನವನ್ನು ಹೇಳಿಕೊಟ್ಟ ಮೇಲೆ ವಿವರಣೆಯಲ್ಲಿ ‘ಅಂಜಿ ನಡೆ’ಯನ್ನು ಬಳಸಿದರೆ ಅರ್ಧ ಕೆಲಸ ಮುಗಿದಂತೆ ಎಂದು ನನ್ನ ಭಾವನೆ. (‘ಅಂಜುಬುರುಕ’ ಎಂಬ ಬೈಗುಳ ನೆನಪಾಗಿ ಮಕ್ಕಳು ನಗಬಹುದು, ನಗಲಿ, ಆ ನಗುವಿನಲ್ಲೇ ಎರಡು ಅಂಜಿಕೆಗಳ ವ್ಯತ್ಯಾಸವನ್ನು ಹೇಳಲು ಎಡೆ ಸಿಗುತ್ತದೆ.)

‘ಗೌರವ’ದ ಸಲಹೆಯನ್ನು ಕುರಿತು ಹೆಚ್ಚು ಬರೆಯಬೇಕಿಲ್ಲ. ಮಾನ ಸಲ್ಲಿಸುವುದಕ್ಕೆ ಇಬ್ರಿಯದಲ್ಲಿ ‘ಭಾರ’ ಎಂಬ ಅರ್ಥದ ಧಾತುವಿನಿಂದ ಬಂದ ಬೇರೆ ಕ್ರಿಯಾಪದವಿದೆ, ‘ಗುರು’ವಿನ ಭಾರದಿಂದ ನಮ್ಮ ‘ಗೌರವ’ ಬಂದ ಹಾಗೆಯೇ. ಆದಾಯದ ಪ್ರಥಮಫಲದಿಂದ ಯೆಹೋವನನ್ನು ಸನ್ಮಾನಿಸು ಎಂಬ ಜ್ಞಾನೋಕ್ತಿಗಳು 3:9ರಲ್ಲಿ ಅದೇ ಬಂದಿದೆ. ಅಂದರೆ ಆ ಪುಸ್ತಕದಲ್ಲಿ ಎರಡೂ ಪದಗಳಿವೆ, ತಿಳುವಳಿಕೆಯ ಮೂಲಕ್ಕೆ ಆರಿಸಿಕೊಂಡದ್ದು ‘ಯಿರ್‌ಆ’ವನ್ನು. ಮೇಲಾಗಿ, ಗೌರವ ಕಾರ್ಯದರ್ಶಿ, ಗೌರವ ಡಾಕ್ಟರೇಟ್, ಗೌರವಧನ ಎಂದು ಸವೆದು ಹೋಗಿರುವ ಈ ಪದಕ್ಕೆ ಆ ಭಾರವನ್ನು ಹೊರುವ ತ್ರಾಣ ಈಗ ಉಳಿದಿಲ್ಲ.

‘ಮೂಲ’ದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಇಬ್ರಿಯದಲ್ಲಿ 1:7ರ ‘ರೇಶೀತ್’ ಮತ್ತು 9:10ರ ‘ತೆಹಿಲ್ಲಾ’ ಬೇರೆಬೇರೆ ಪದಗಳು. ಎರಡನೆಯದು ಶುರುವೆಂಬ ಅರ್ಥದ್ದು. ಮೊದಲನೆಯದಕ್ಕೆ ಮೊದಲು, ಆದಿ, ಮುಖ್ಯ ಭಾಗ, ಪ್ರಥಮಫಲ ಎಂಬ ಅರ್ಥಗಳೂ ಇವೆ. ಕನ್ನಡದಲ್ಲಿ ಎರಡಕ್ಕೂ ‘ಮೂಲ’ವೆಂದೇ ಇದೆ. ‘ಆರಂಭ’ ಎಂದಿದ್ದರೆ ಅದು ದಾಟಿಹೋಗುವ ಮೆಟ್ಟಿಲಾಗುತ್ತಿತ್ತು: ಚಿಕ್ಕವನಿದ್ದಾಗ ದೇವರಿಗೆ ಅಂಜಿದ್ದೆ, ಈಗ ತಿಳುವಳಿಕೆ ಬಂದಿದೆ, ಇನ್ನು ಅಂಜಬೇಕಿಲ್ಲ ಎನ್ನಲು ದಾರಿಯಾಗುತ್ತಿತ್ತು. ಮೂಲವೆಂದರೆ ಬೇರು; ಮರ ಎಷ್ಟೇ ಎತ್ತರಕ್ಕೆ ಹೋದರೂ ಬೇರನ್ನು ದಾಟಿಹೋಗುವುದಿಲ್ಲ. ಕಥೋಲಿಕರ ಬೈಬಲಿನಲ್ಲಿ ಸೇರಿದ್ದು ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಇಲ್ಲದ ಸಿರಾಖನ ಗ್ರಂಥದ ಮೊದಲ ಅಧ್ಯಾಯವು ಕರ್ತನ ಭಯವನ್ನು ಜ್ಞಾನದ ಆದಿ, ಜ್ಞಾನದ ಪೂರ್ಣತೆ, ಜ್ಞಾನದ ಕಿರೀಟ ಎಂದು ಸಾಲಾಗಿ ಕರೆದು, ಕೊನೆಗೆ ಜ್ಞಾನದ ಬೇರು ಎಂದೇ ಕರೆಯುತ್ತದೆ. ಆ ಪುಸ್ತಕವನ್ನು ಓದದ ಸಭೆಗಳ ಬಾಯಲ್ಲೂ ಅದರ ಮಾತು ‘ಮೂಲ’ದ ರೂಪದಲ್ಲಿ ಕುಳಿತುಬಿಟ್ಟಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಆ ಬೇರಿನಿಂದ ಬೆಳೆಯುವ ಜ್ಞಾನವೂ ನಾವು ಇಂದು ಸಾಮಾನ್ಯಜ್ಞಾನ, ವಿಜ್ಞಾನ, ಆತ್ಮಜ್ಞಾನ ಎನ್ನುವಾಗಿನ ಜ್ಞಾನಕ್ಕೆ ಸರಿಯಾಗಿ ಹೊಂದುವುದಿಲ್ಲ. ಜ್ಞಾನಕ್ಕೆ ಇಬ್ರಿಯದಲ್ಲಿರುವ ‘ಹೊಖ್ಮಾ’ ಎಂಬ ಪದದಲ್ಲಿ ಕೈಕಸುಬಿನ ಚಾತುರ್ಯವೂ ಸೇರಿದೆ. ವಿಮೋಚನಕಾಂಡ 31ರಲ್ಲಿ ದೇವದರ್ಶನದ ಗುಡಾರಕ್ಕಾಗಿ ಚಿನ್ನ, ಬೆಳ್ಳಿ, ತಾಮ್ರಗಳಲ್ಲಿ ಕೆಲಸ ಮಾಡಲು, ರತ್ನಗಳನ್ನು ಕೆತ್ತಲು, ಮರವನ್ನು ಕೊರೆಯಲು ಬೆಚಲೇಲನಿಗೆ ದೇವರು ತುಂಬಿಸಿದ್ದು ಈ ಹೊಖ್ಮಾವನ್ನೇ. ಬಾಳುವುದೂ ಹಾಗೊಂದು ಕಸುಬೆಂದು ತಿಳಿದರೆ, ಸಾಲಕ್ಕೆ ಜಾಮೀನು ನಿಲ್ಲುವುದು, ತಕ್ಕಡಿಯ ಮೋಸ, ನಾಲಿಗೆಯ ಹಿಡಿತ, ಬಡವನ ನ್ಯಾಯ ಎಂದು ಜ್ಞಾನೋಕ್ತಿಗಳು ಯಾಕೆ ಇಷ್ಟೊಂದು ಸಣ್ಣಪುಟ್ಟ ವ್ಯವಹಾರಗಳಿಗೆ ಇಳಿಯುತ್ತವೆಂಬುದು ತಿಳಿಯುತ್ತದೆ. ತಕ್ಕಡಿಯನ್ನು ಗಿರಾಕಿ ನೋಡದಿದ್ದರೂ ನೋಡುವವನೊಬ್ಬನಿದ್ದಾನೆಂಬ ಅಳುಕು ಅಂಗಡಿಯವನ ಕೈಯನ್ನು ನೇರವಾಗಿಡುತ್ತದೆ. ಹಳಬರು ‘ಪಾಪಭೀತಿ ಇರುವವನು’ ಎಂದು ಒಬ್ಬನನ್ನು ಮೆಚ್ಚಿ ಹೇಳುವಾಗ ಅವರ ಮನಸ್ಸಿನಲ್ಲಿ ಇರುವುದೂ ಇದೇ.

ಆದ್ದರಿಂದ ವಚನವನ್ನು ಇದ್ದಂತೆಯೇ ಅಚ್ಚುಮಾಡಿ, ವಿವರಣೆಯಲ್ಲಿ ಮೊದಲು ‘ಅಂಜಿ ನಡೆಯುವುದು’, ಅನಂತರ ‘ಭಯಭಕ್ತಿ’ ಎಂಬ ಮಾತುಗಳನ್ನು ತರಬೇಕೆಂದು ಬರೆದು ಕಳುಹಿಸುವವನಿದ್ದೇನೆ. ಅದಕ್ಕೆ ಮುಂಚೆ ತಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಬೀದರ್ ಕಡೆಯ ಮೆಥೋಡಿಸ್ಟ್ ಸಭೆಗಳಲ್ಲಾಗಲಿ, ಧಾರವಾಡ, ಗದಗ ಕಡೆಯ ಹಳೆಯ ಬಾಸೆಲ್ ಮಿಷನ್ ಸಭೆಗಳಲ್ಲಾಗಲಿ, ಪ್ರಾರ್ಥನೆ ಮಾಡುವ ಹಿರಿಯರ ಬಾಯಲ್ಲಿ ‘ದೇವರ ಅಂಜಿಕೆ’ ಎಂಬ ನಾಮರೂಪ ಕೇಳಿಬರುತ್ತದೆಯೇ, ಇಲ್ಲವೇ ‘ದೇವರಿಗೆ ಅಂಜು’ ಎಂಬ ಕ್ರಿಯಾರೂಪ ಮಾತ್ರವೇ? ಮಂಗಳೂರಿನ ಕೊಂಕಣಿ ಕಥೋಲಿಕರು ‘ದೆವಾಚಿ ಭಿರಾಂತ್’ ಎನ್ನುವಾಗ ಅದರಲ್ಲಿ ಭಕ್ತಿಯ ಛಾಯೆ ತಾನಾಗಿ ಸೇರಿರುತ್ತದೆಯೇ, ಅಥವಾ ಅದನ್ನು ಬೇರೆ ಪದದಿಂದ ಹೇಳಬೇಕಾಗುತ್ತದೆಯೇ? ಹಾಗೆಯೇ ‘ಭಯಭಕ್ತಿ’ ಎಂಬ ಜೋಡುನುಡಿಯು ಮಿಷನರಿಗಳ ಕಾಲಕ್ಕಿಂತ ಹಿಂದಿನ ಶಾಸನದಲ್ಲೋ ಕಾವ್ಯದಲ್ಲೋ ಅರಸನ ಅಥವಾ ಗುರುವಿನ ವಿಷಯದಲ್ಲಿ ಬಳಕೆಯಾಗಿರುವುದನ್ನು ಕಂಡವರು ಸಾಲನ್ನು ಪೂರ್ತಿಯಾಗಿ, ಮುಖ್ಯವಾಗಿ ಅದರ ಹಿಂದಿನ ಪದದ ವಿಭಕ್ತಿಯ ಸಹಿತ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.