ಪದಚರ್ಚೆ: ಕೊಳವೆಯ ಸುತ್ತಲಿನ ಸಂದಿಗೆ ಗ್ರೌಟ್ ತುಂಬುವುದಕ್ಕೆ ಏನೆನ್ನಬೇಕು?

ಪ್ರಶ್ನೆ (ದಾವಣಗೆರೆ):
ನೆಲದಡಿಯ ಸುರಂಗದಲ್ಲಿ ನೀರಿನ ಕೊಳವೆ ಕೂರಿಸಿದ ಮೇಲೆ, ಕೊಳವೆಗೂ ಗೋಡೆಗೂ ನಡುವೆ ಸುತ್ತಲೂ ಉಳಿಯುವ ಜಾಗಕ್ಕೆ ಸಿಮೆಂಟ್, ಹಾರುಬೂದಿ, ನೀರು ಕಲಸಿದ ಗ್ರೌಟನ್ನು ಪಂಪಿನಿಂದ ತುಂಬುತ್ತಾರೆ. ಕೆಲಸದ ಜಾಗದಲ್ಲಿ ಹಾಕುವ ಸೂಚನಾ ಫಲಕ ನಾಳೆ ಬೆಳಿಗ್ಗೆಯೇ ಅಚ್ಚಿಗೆ ಹೋಗಬೇಕು. ಕೈಗೆ ಬಂದಿರುವ ಕರಡಿನಲ್ಲಿ ‘ವಲಯಾಕಾರ ಅವಕಾಶ ಪೂರಣ ಕಾರ್ಯ’ ಎಂದಿದೆ. ಯಾರಿಗೆ ಅವಕಾಶ ಎಂದು ಮೇಸ್ತ್ರಿ ಕೇಳುತ್ತಿದ್ದಾರೆ.

ಚಿತ್ರದುರ್ಗದಿಂದ:
ಪಾಲು ಹಾಲಾದಂತೆ ಪೂರಣವೂ ಹೂರಣವಾಗಿ ಎಷ್ಟೋ ಕಾಲವಾಯಿತು. ‘ಸುತ್ತುಹೂರಣ’ ಎನ್ನಿ. ಮುಗಿಯಿತು.

ದಾವಣಗೆರೆ, ಎಂಜಿನಿಯರ್:
ಮುಗಿಯಲಿಲ್ಲ. ಹೋಳಿಗೆಯಲ್ಲಿ ಹೂರಣ ನಡುವೆ ಇರುತ್ತದೆ. ಇಲ್ಲಿ ನಡುವೆ ಇರುವುದು ಕೊಳವೆ. ಕೆಲಸವನ್ನು ನೋಡಿ ಹೆಸರಿಡಿ. ಸಿಮೆಂಟ್ ಗ್ರೌಟ್ ಘನ ಮೀಟರಿಗೆ ಸುಮಾರು 1,800 ಕಿಲೋ ತೂಗುತ್ತದೆ, ನೀರು 1,000. ಒಂದೇ ಸಲಕ್ಕೆ ತುಂಬಿದರೆ ಖಾಲಿ ಕೊಳವೆ ತೇಲಿ ಮೇಲಕ್ಕೇರಿ ಸುರಂಗದ ಮಾಳಿಗೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಕೊಳವೆಗೆ ಆಸರೆ ಬಿಗಿದು, ಒಳಗೆ ನೀರು ತುಂಬಿಸಿ, ಹಂತ ಹಂತವಾಗಿ ಹಾಕುತ್ತಾರೆ. ತಗ್ಗಿನ ತುದಿಯಿಂದ ಪಂಪ್ ಮಾಡಿ, ಎತ್ತರದ ತುದಿಯ ಕಿಂಡಿಯಿಂದ ಗಾಳಿ ಹೊರಬಿಡುತ್ತಾರೆ. ಒತ್ತಡ ಹೆಚ್ಚಾದರೆ ಕೊಳವೆ ಒಳಕ್ಕೆ ಕುಸಿಯುತ್ತದೆ. ಅಲ್ಲಿ ನಿಂತವನಿಗೆ ಬೇಕಾದದ್ದು ಈ ಎಚ್ಚರಿಕೆ, ನಿಮ್ಮ ಸಮಾಸವಲ್ಲ.

ಚಿತ್ರದುರ್ಗದಿಂದ:
ಹಾಗಾದರೆ ‘ಸುತ್ತುಗಾರೆ’. ಇಲ್ಲಿನ ಹಳೆಯ ಮನೆಗಳ ತಾರಸಿಗೆಲ್ಲ ಗಾರೆಯನ್ನೇ ಹಾಕಿದ್ದಾರೆ. ಅಚ್ಚ ಕನ್ನಡ ಕೈಯಲ್ಲೇ ಇರುವಾಗ ಗ್ರೌಟ್ ಏಕೆ?

ಮೂರನೆಯವರು:
ಮರಾಠಿ, ಹಿಂದಿಗಳಲ್ಲಿ ‘ಗಾರಾ’ ಇದೆ. ಅಚ್ಚ ಎನ್ನುವ ಮೊದಲು ನಿಘಂಟು ತೆರೆಯಿರಿ.

ಚಿತ್ರದುರ್ಗದಿಂದ:
ಅವರೇ ನಮ್ಮಿಂದ ಒಯ್ದಿರಬಹುದು.

ಮೂರನೆಯವರು:
ಎಲ್ಲರೂ ಎಲ್ಲವನ್ನೂ ನಮ್ಮಿಂದಲೇ ಒಯ್ದರು, ಸರಿ. ಮೇಸ್ತ್ರಿ ಪೋರ್ಚುಗೀಸರಿಂದ ಬಂದವನು, ಅವನನ್ನೂ ಕೆಲಸದಿಂದ ಬಿಡಿಸಿ.

ದಾವಣಗೆರೆ, ಎಂಜಿನಿಯರ್:
ಗಾರೆ ಎಂದರೆ ಕರಣೆಯಲ್ಲಿ ಎತ್ತಿ ಬಳಿಯುವಂಥದ್ದು. ಇದು ಪೈಪಿನಲ್ಲಿ ಹರಿಯುತ್ತದೆ. ನೆಲದ ಟೈಲ್ಸ್ ಸಂದಿಗೆ ಹಾಕುವ ಕೂಲಿಯವರೂ ಗ್ರೌಟ್ ಎಂದೇ ಕರೆಯುತ್ತಾರೆ. ಹೆಸರು ಅಲ್ಲೇ ಇದೆ.

ಪ್ರಶ್ನೆ ಕೇಳಿದವರು:
ಕಾಯಲು ಸಮಯವಿಲ್ಲ. ‘ಕೊಳವೆಯ ಸುತ್ತ ಗ್ರೌಟ್ ತುಂಬಲಾಗುತ್ತಿದೆ. ಗ್ರೌಟ್ ಹೊರಬರುವವರೆಗೆ ಗಾಳಿಕಿಂಡಿ ಮುಚ್ಚಬೇಡಿ’ ಎಂದು ಕಳಿಸಿದ್ದೇನೆ.

ಚಿತ್ರದುರ್ಗದಿಂದ:
‘ಮುಚ್ಚಬಾರದು’ ಎಂದಿರಬೇಕಿತ್ತು. ಫಲಕ ಬೇಡಿಕೊಳ್ಳುವುದಿಲ್ಲ.